ಪಾವಣೆ ಐದು

ನಮ್ಮೂರ ಕಾಲುವೆಯ ನೀರಿಗೆ ಒಂದು ಕಟ್ಟಳೆಯಿದೆ. ಪಾಳಿ ಆರಂಭವಾಗುವ ಹೊತ್ತಿಗೆ ಹೊಲದ ಮನೆಯವರೊಬ್ಬರು ತೂಬಿನ ಬಳಿ ನಿಂತಿರಬೇಕು. ನಿಲ್ಲದಿದ್ದರೆ ಹಿಂದಿನವರೆಲ್ಲ ಒಂದೊಂದು ಸರದಿ ಮುಂದೆ ಸರಿಯುತ್ತಾರೆ. ಹೀಗೆ ಕೊನೆಗೆ ಉಳಿಯುವ ಒಂದು ಪಾಳಿಯ ನೀರು ಕಾಲುವೆಯ ಕಟ್ಟಕಡೆಯ ಹೊಲಕ್ಕೆ ಸೇರುತ್ತದೆ. ಕಟ್ಟಳೆ ಕಠಿಣವಾದುದು. ಅದು ಬರುವ ಮೊದಲು ಇದೇ ತೂಬಿನ ಬಳಿ ಗುದ್ದಲಿಯಿಂದ ತಲೆ ಒಡೆದುಕೊಂಡವರನ್ನು ಕಂಡಿದ್ದೇನೆ. ಆದ್ದರಿಂದ ನಾನು ಅದರ ಪಕ್ಷ.

ರೇವವ್ವನ ಹೊಲ ನನ್ನ ಹೊಲಕ್ಕಿಂತ ಮೊದಲು ಬರುತ್ತದೆ. ಆಕೆ ಗಂಡನನ್ನು ಕಳೆದುಕೊಂಡವಳು. ಊರೆಲ್ಲ ಹತ್ತಿ, ಕಡಲೆಗೆ ತಿರುಗಿದ ಮೇಲೂ ಶಲವಡಿಯ ತವರಿನಿಂದ ತಂದ ಜವೆಗೋಧಿಯನ್ನು ಒಂದು ತುಂಡು ನೆಲದಲ್ಲಿ ಬಿಡದೆ ಬಿತ್ತುತ್ತ ಬಂದಿದ್ದಳು. ಹಿಂದಿನ ಬೆಳೆಯೇ ಮುಂದಿನ ಬೀಜ. ಕಳೆದ ವರ್ಷ ಬೀಜದ ಗಡಿಗೆಗೆ ಹುಳ ಬಿದ್ದಿತು. ಉಳಿದ ಕಾಳನ್ನೆಲ್ಲ ಈ ಸಲ ನೆಲಕ್ಕೆ ಹಾಕಿದ್ದಳು. ಮನೆಯಲ್ಲಿ ಒಂದು ಹಿಡಿಯೂ ಇರಲಿಲ್ಲ. ತೆನೆಗೆ ಹಾಲು ತುಂಬುವ ಸಮಯ. ಒಂದು ನೀರು ಸಿಕ್ಕರೆ ಕಾಳು, ತಪ್ಪಿದರೆ ಜೊಳ್ಳು.

ಮೊಣಕಾಲು ಬಾತು ಆಕೆ ಹೊಸ್ತಿಲು ದಾಟಲಾರದ ದಿನಗಳವು. ನೀರಗಂಟಿ ಮುದಕಪ್ಪ ಮನೆಯ ಮುಂದೆ ನಿಂತು, ಮರುದಿನ ಸಂಜೆ ಪಾವಣೆ ಐದಕ್ಕೆ ಪಾಳಿಯೆಂದು ಹೇಳಿಹೋದನು. ರೇವವ್ವ ಅದೇ ಮಾತನ್ನು ಮಗ ಸುಭಾಸನಿಗೆ ಒಪ್ಪಿಸಿದಳು.

ಸುಭಾಸ ನನ್ನ ಬಳಿ ಲೆಕ್ಕ ಕಲಿತವನು. ಪಠ್ಯದಲ್ಲಿ ಇಲ್ಲದಿದ್ದರೂ ನಾನು ಪಾವಕಿ, ನಿಮಕಿ, ಪಾವಣಕಿ ಎಂದು ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಅವನಷ್ಟು ಬೇಗ ಒಪ್ಪಿಸಿದವರಿಲ್ಲ. ಒಮ್ಮೆ ಕೇಳಿದರೆ ಸಾಕಾಗಿತ್ತು. ಆ ಶಕ್ತಿ ಈಗಲೂ ಕುಂದಿಲ್ಲ. ಯಾವ ನಟನ ನಾಯಿಯ ಹೆಸರೇನು, ಯಾವ ನಟಿ ಯಾರ ಮದುವೆಗೆ ಯಾವ ಬಣ್ಣದ ಸೀರೆ ಉಟ್ಟಿದ್ದಳು, ಯಾವ ಆಟಗಾರ ಯಾರನ್ನು ಏನೆಂದು ಬೈದನು, ಎಲ್ಲವನ್ನೂ ಕಟ್ಟೆಯ ಮೇಲೆ ಕುಳಿತು ಹೇಳುತ್ತಾನೆ. ಒಂದೂ ತಪ್ಪುವುದಿಲ್ಲ. ಪದವಿ ಮುಗಿಸಿದ ಮೇಲೆ ಫೋನಿನಲ್ಲಿ ನಗೆಯ ವಿಡಿಯೋ ಮಾಡುವುದೇ ಅವನ ಕಸುಬಾಗಿದೆ. ಜೋಳ ಹಿಡಿಯಬಹುದಾಗಿದ್ದ ಹಗೇವಿಗೆ ಹೊಟ್ಟು ತುಂಬಿಕೊಂಡಿದ್ದಾನೆ.

ಮರುದಿನ ಪಾವಣೆ ಐದಕ್ಕೆ ತೂಬಿನ ಬಳಿ ಮುದಕಪ್ಪನಿದ್ದನು, ನಾನಿದ್ದೆನು. ಮುದಕಪ್ಪ ಫೋನು ಹಚ್ಚಿದನು, ಸುಭಾಸ ಎತ್ತಲಿಲ್ಲ. ಕಾದೆವು. ಮತ್ತೆ ಹಚ್ಚಿದರೂ ಎತ್ತಲಿಲ್ಲ. ಆಗ ಮುದಕಪ್ಪ ಕಡೆಯ ಹೊಲದ ಮೀರಾಬಿಗೆ ಸುದ್ದಿ ಮುಟ್ಟಿಸಿ, ನೀರನ್ನು ನನ್ನ ಹೊಲಕ್ಕೆ ತಿರುಗಿಸಿದನು.

ಐದು ದಾಟಿ ಹತ್ತು ನಿಮಿಷಕ್ಕೆ ಸುಭಾಸನ ಬೈಕು ಬಂದಿತು. ಅವನು ಸಿಳ್ಳೆ ಹಾಕುತ್ತಲೇ ಇಳಿದನು.

“ನೋಡ್ರಿ ಮಾಸ್ತರ್ರ, ಇನ್ನೂ ಐದ್ ಮಿನಿಟ್ ಇರತನಾನ ಬಂದೇನಿ.”

“ಯಾವುದಕ್ಕ?”

“ಪಾಳಿಗಿರಿ. ಪಾವಣೆ ಐದು. ಐದೂ ಹದಿನೈದು.”

ಮುದಕಪ್ಪ ನಕ್ಕುಬಿಟ್ಟನು. “ಅದು ಸವ್ವಾ ಐದು ಆತಲೇ, ಶಾಣ್ಯಾ. ಪಾವಣೆ ಅಂದ್ರ ಐದಾಗಾಕ ಇನ್ನೂ ಪಾವ ಕಡಿಮಿ, ನಾಕೂ ನಲವತ್ತೈದು.”

ಸುಭಾಸ ಫೋನಿನ ಗಡಿಯಾರ ನೋಡಿದನು. ನನ್ನ ಹೊಲದ ಕಡೆ ಹರಿಯುತ್ತಿದ್ದ ನೀರನ್ನು ನೋಡಿದನು. “ಇದನ್ನೆಲ್ಲಾ ತೆಲ್ಯಾಗ ಇಟ್ಕೊಂಡ ಕುಂಡ್ರಾಕ ಆಗ್ತೈತೇನ್ರಿ ಈಗಿನ ಕಾಲದಾಗ?”

“ನಾಯಿ ಹೆಸರಿಗೆ ಜಾಗಾ ಐತಲ್ಲ,” ಎಂದೆ.

ಅವನು ಬೇಡಿಕೊಂಡನು. ತಪ್ಪಿದ ಪಾಳಿಯ ನೀರು ಈಗ ಮೀರಾಬಿಯದು, ಅವಳು ಆಗಲೇ ತನ್ನ ಬದುವಿನ ಮೇಲೆ ಬಂದು ನಿಂತಿದ್ದಾಳೆ ಎಂದು ಹೇಳಿದೆ. ಒಬ್ಬರ ಮರೆವನ್ನು ಇನ್ನೊಬ್ಬರ ಹೊಲದಿಂದ ಕಳೆಯಲಾಗದು. ಗುದ್ದಲಿ ಹಿಡಿದು ನನ್ನ ಮಡಿಗಳ ಕಡೆಗೆ ನಡೆದೆ.

ರೇವವ್ವನಿಗೆ ನಾನೇ ಹೋಗಿ ತಿಳಿಸಿದೆ. ಆಕೆ ಅಳಲಿಲ್ಲ, ನೀರು ಬಿಡಬಹುದಿತ್ತಲ್ಲ ಎಂದು ನನ್ನನ್ನು ಕೇಳಲೂ ಇಲ್ಲ.

“ಪಾವಣೆ ಅಂತನ ಹೇಳಿದ್ನಿರಿ ಮಾಸ್ತರ್ರ. ಅದಕ್ಕಿಂತ ಬಿಡಿಸಿ ಹೆಂಗ ಹೇಳಬೇಕಿತ್ತು?”

ಆ ಹಂಗಾಮಿನಲ್ಲಿ ಕಾಲುವೆಗೆ ಮತ್ತೆ ನೀರು ಬಿಡಲಿಲ್ಲ. ಗೋಧಿ ಅಕಾಲದಲ್ಲಿ ಬಿಳುಚಿಕೊಂಡಿತು.

ಸುಗ್ಗಿಯ ಹೊತ್ತಿಗೆ ಒಂದು ಮಧ್ಯಾಹ್ನ ನಾನೂ ರೇವವ್ವನೂ ಅವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಸುಭಾಸ ಫೋನು ತಂದು ನಮ್ಮ ಮುಂದೆ ಹಿಡಿದನು. ಪಾಳಿ ತಪ್ಪಿದ ಕಥೆಯನ್ನೇ ವಿಡಿಯೋ ಮಾಡಿದ್ದನು. ತಾಯಿಯ ಸೆರಗು ಹೊದ್ದು ರೇವವ್ವನಾಗಿದ್ದನು, ಕೋಲು ಹಿಡಿದು ನಾನಾಗಿದ್ದನು. ಪಾವಣೆ ಅಂದರೆ ತಿನ್ನುವ ಪದಾರ್ಥವೇ ಎಂದು ಅದರೊಳಗಿನ ಸುಭಾಸ ಕೇಳುತ್ತಿದ್ದನು. ಇಷ್ಟು ಜನ ತನ್ನ ಯಾವ ವಿಡಿಯೋವನ್ನೂ ನೋಡಿರಲಿಲ್ಲವಂತೆ. ಹೇಳುವಾಗ ಅವನ ಮುಖ ಅರಳಿತ್ತು. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದಾಗಲೂ ಹೀಗೆಯೇ ಅರಳುತ್ತಿತ್ತು.

ರೇವವ್ವ ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದಳು. ಮಗನನ್ನು ಬಿಟ್ಟು ಅವನ ಬೆನ್ನ ಹಿಂದಿನ ಹೊಲವನ್ನು ನೋಡುತ್ತಿದ್ದಳು.

“ಇದರಾಗ ಗೋಧಿ ಇನ್ನೂ ಹಸರ ಐತಲ್ಲೋ.”

“ಬಣ್ಣ ನಾನ ಹಾಕೇನ್ ಬೇ,” ಎಂದನು ಸುಭಾಸ. “ಒಣಗಿದ್ದನ್ನ ಯಾರ ನೋಡ್ತಾರ?”

ಆಕೆ ಫೋನನ್ನು ಅವನಿಗೆ ಮರಳಿಸಿದಳು. ಹೊಲದಿಂದ ತರಿಸಿದ ತೆನೆಗಳು ಮಡಿಲಲ್ಲಿದ್ದವು. ಒಂದನ್ನು ಅಂಗೈಯಲ್ಲಿಟ್ಟು ತಿಕ್ಕಿ, ಊದಿದಳು. ಕೈಯಲ್ಲಿ ಏನೂ ಉಳಿಯಲಿಲ್ಲ. ಇನ್ನೊಂದನ್ನು ಎತ್ತಿಕೊಂಡಳು.