ಏಳಬಾರದಾಗಿದ್ದ ಗುಡ್ಡ

ನಮ್ಮ ಮುಂದಿನ ಕೋಣೆಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬರುವುದಿಲ್ಲ. ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿದ ಶರಬತ್ತಿನ ಬಾಟಲಿಗಳನ್ನು ದಾಟಿ ಬರಬೇಕು. ಒಳಗೆ ಕಾಲಿಡುವಷ್ಟರಲ್ಲಿ ಅದು ಕೆಂಪಾಗಿಬಿಟ್ಟಿರುತ್ತದೆ. ಗೋಡೆ ಕೆಂಪು, ನೆಲ ಕೆಂಪು, ಚಾಪೆಯ ಮೇಲೆ ಚಾಚಿದ ನನ್ನ ಅಂಗೈಯೂ ಕೆಂಪು. ಒಲೆಯ ಮೇಲೆ ಒಣ ದಾಸವಾಳ ಕುದಿಯುತ್ತಿದ್ದರೆ ಅದರ ಹುಳಿ ಹಬೆ ಆ ಬೆಳಕಿನೊಳಗೆ ಮೀನಿನ ಹಾಗೆ ನಿಧಾನವಾಗಿ ಈಜುತ್ತದೆ. ಆ ಹೊತ್ತಿನಲ್ಲಿ ನನ್ನಂಥ ಜಗಳಗಂಟಿಗೂ ಬಾಯಿ ತೆರೆಯಲು ಮನಸ್ಸಾಗುವುದಿಲ್ಲ.

ಶರಬತ್ತು ಮಾಡುವವರು ಮಾವ, ಮಾರುವವಳು ನಾನು. ಬಾಗಿಲ ಪಕ್ಕದ ಹಲಗೆಯ ಮೇಲೆ ‘ಹೂವು, ಸಕ್ಕರೆ, ನೀರು. ಬಣ್ಣ ಹಾಕಿಲ್ಲ’ ಎಂದು ಬರೆದವರು ಅತ್ತೆ. ಅವರು ತೀರಿಕೊಂಡ ಮೇಲೆ ಸೌಟು ಮಾವನ ಕೈಗೆ ಬಂತು. ನನ್ನ ಗಂಡ ಲಾರಿ ಓಡಿಸುತ್ತಾನೆ, ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಾನೆ. ಇನ್ನು ಉಳಿದವಳು ನನ್ನ ನಾದಿನಿ. ಕಡ್ಡಿಯಂಥ ಮೈ, ಚುಚ್ಚುವ ಮಾತು. ಮದುವೆಯಾಗಿ ಬಂದ ವಾರದಲ್ಲೇ ಅವಳಿಗೆ ಸೂಜಿ ಎಂದು ಹೆಸರಿಟ್ಟೆ. ಈಗ ಅವರಪ್ಪನೂ ಹಾಗೇ ಕರೆಯುತ್ತಾರೆ.

ಸೂಜಿ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಾಳೆ. ಶರಬತ್ತು, ಸೋಡಾ, ಹಣ್ಣಿನ ರಸಗಳಲ್ಲಿ ಡಬ್ಬಿಯಲ್ಲಿ ಮಾರುವ ಕೃತಕ ಕೆಂಪು ಬಣ್ಣ ಬೆರೆತಿದ್ದರೆ ಹಿಡಿಯುವ ಪಟ್ಟಿಯೊಂದನ್ನು ಅವಳು ಮಾಡುತ್ತಿದ್ದಳು. ಉಗುರಿನಷ್ಟಗಲದ ಪ್ಲಾಸ್ಟಿಕ್ ಚೂರು, ಅದರ ಮೇಲೆ ಕಪ್ಪು ಗೆರೆಗಳು. ಒಂದು ಹನಿ ಹಾಕಿ, ಅಂಗೈಯಷ್ಟು ದೊಡ್ಡ ಪೆಟ್ಟಿಗೆಗೆ ಸಿಕ್ಕಿಸಿದರೆ, ಚೂರೇ ಚೂರು ಕರೆಂಟು ಹರಿದು ಪೆಟ್ಟಿಗೆಯ ಗಾಜಿನ ಮೇಲೆ ಗೆರೆ ಮೂಡುತ್ತದೆ.

“ಅತ್ತಿಗೆ, ಆ ಕಪ್ಪು ಗೆರೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹಾಸಿಗೆಗಳಿವೆ. ಡಬ್ಬಿ ಬಣ್ಣದ ಅಳತೆಗೇ ಅಚ್ಚೊತ್ತಿ ಮಾಡಿದ್ದು. ಅದು ಬಂದು ಮಲಗುತ್ತೆ. ಕರೆಂಟು ಹೋಗಿ ಎಬ್ಬಿಸುತ್ತೆ. ಎದ್ದಾಗ ಗಾಜಿನ ಮೇಲಿನ ಗೆರೆ ಗುಡ್ಡ ಆಗುತ್ತೆ.”

“ಹೂವಿನ ಬಣ್ಣ ಬಂದು ಮಲಗಲ್ವಾ?”

“ಅದಕ್ಕೆ ಆ ಹಾಸಿಗೆ ಹಿಡಿಸಲ್ಲ. ಗೆರೆ ಶುರುವಾಗೋ ಹೊಸ್ತಿಲ ಹತ್ರ ಚೂರು ಉಬ್ಬಿ ಸುಮ್ಮನಾಗುತ್ತೆ. ಗುಡ್ಡ ಏಳೋ ಜಾಗದಲ್ಲಿ ಗೆರೆ ಚಪ್ಪಟೆ ಇರಬೇಕು.”

ಆದರೆ ಇರುತ್ತಿರಲಿಲ್ಲ. ಬಣ್ಣವಿಲ್ಲದ ಶರಬತ್ತು ಹೇಗಿರುತ್ತದೆಂದು ಪಟ್ಟಿಗೆ ತೋರಿಸಲು ಅವಳು ದಿನಾ ಒಯ್ಯುತ್ತಿದ್ದದ್ದು ಮಾವ ಮಾಡಿದ ಶರಬತ್ತಿನ ಕ್ಯಾನು. ಸೊನ್ನೆ ಕ್ಯಾನು ಎಂದು ಅದಕ್ಕೆ ಹೆಸರು. ‘ಲೋಕದಲ್ಲಿ ಯಾರನ್ನು ನಂಬದಿದ್ರೂ ನಮ್ಮಪ್ಪನ ಶರಬತ್ತು ನಂಬ್ತೀನಿ’ ಎಂದು ಹೆಮ್ಮೆಪಡುತ್ತಿದ್ದಳು. ಬರೀ ನೀರು ಹಾಕಿದರೆ ಗೆರೆ ಚಪ್ಪಟೆಯಾಗಿ ಮಲಗುತ್ತಿತ್ತು. ಸೊನ್ನೆ ಕ್ಯಾನಿನ ಹನಿ ಹಾಕಿದರೆ ಗುಡ್ಡ ಏಳುತ್ತಿತ್ತು. ಪಟ್ಟಿ ಹೂವಿನ ಬಣ್ಣಕ್ಕೇ ಮೋಸ ಹೋಗುತ್ತಿದೆ ಎಂದುಕೊಂಡು ಅವಳು ಹಾಸಿಗೆಗಳನ್ನೆಲ್ಲ ಕಿತ್ತು ಮತ್ತೆ ಹಾಸುತ್ತಿದ್ದಳು. ಮತ್ತೆ ಗುಡ್ಡ. ಅನ್ನ ಮುಟ್ಟುತ್ತಿರಲಿಲ್ಲ. ಕೊನೆಗೆ ಅವಳ ಮೇಡಂ ಹೇಳಿಬಿಟ್ಟಿದ್ದರಂತೆ: ಶನಿವಾರ ಬಂದು ನೋಡ್ತೀನಿ, ನಿನ್ನ ಶರಬತ್ತಿನಲ್ಲಿ ಗುಡ್ಡ ಎದ್ದರೆ ಆ ಪಟ್ಟಿ ಅಲ್ಲಿಗೇ ಬಿಡು, ಮೇಜು ಬೇರೆಯವರಿಗೆ.

ನನಗೂ ಗುಡ್ಡದ ಕನಸು ಬೀಳತೊಡಗಿತು. ಕೆಂಪು ಗುಡ್ಡ, ಅದರ ತುದಿಯಲ್ಲಿ ಅತ್ತೆ ಸೌಟು ಹಿಡಿದು ಕೂತಿರುತ್ತಿದ್ದರು. ಏನೂ ಮಾತಾಡುತ್ತಿರಲಿಲ್ಲ. ಬದುಕಿದ್ದಾಗ ಒಂದು ಗಳಿಗೆ ಸುಮ್ಮನಿದ್ದವರಲ್ಲ.

ಶುಕ್ರವಾರ ಬೆಳಿಗ್ಗೆ ಮಂಜುಗಡ್ಡೆಯವನು ಅರ್ಧ ಕರಗಿದ ಗಡ್ಡೆ ತಂದು, ‘ಬಿಸಿಲಿಗೆ ನಾನೇನು ಮಾಡ್ಲಿ’ ಅಂದ. ನನಗೆ ಸಿಟ್ಟು ಬಂದರೆ ಬಾಯಿಗಿಂತ ಮೊದಲು ಕೈ ಮಾತಾಡುತ್ತದೆ. “ನೀನು ಗಡ್ಡೆ ತಂದಿದ್ದೀಯೋ ಗಡ್ಡೆಯ ಕಣ್ಣೀರು ತಂದಿದ್ದೀಯೋ?” ಎಂದು ಕೈ ಬೀಸಿದೆ. ಕಟ್ಟೆಯ ಮೇಲಿದ್ದ ಸೊನ್ನೆ ಕ್ಯಾನು ಉರುಳಿ ಚರಂಡಿ ಸೇರಿತು. ಮಂಜುಗಡ್ಡೆಯವನು ಇದೇ ಸಮಯವೆಂದು ಜಾಗ ಖಾಲಿ ಮಾಡಿದ.

ಒಳಗೆ ಸೂಜಿ ತಲೆ ಬಾಚುತ್ತಿದ್ದಳು. ಮಾವ ಸ್ನಾನಕ್ಕೆ ಹೋಗಿದ್ದರು. ಹಂಡೆಯ ಶರಬತ್ತೆಲ್ಲ ಆಗಲೇ ಬಾಟಲಿ ಸೇರಿ ಮುಚ್ಚಳ ಬಿಗಿದುಕೊಂಡಿತ್ತು. ಮಾವ ಬಳಸುವ ಚೀಲದಿಂದಲೇ ಎರಡು ಹಿಡಿ ಹೂವು ತೆಗೆದು, ಅದೇ ಸಕ್ಕರೆ, ಅದೇ ನೀರು ಹಾಕಿ ಕುದಿಸಿ, ಸೋಸಿ, ಮಂಜುಗಡ್ಡೆಯ ಕಣ್ಣೀರಲ್ಲೇ ಆರಿಸಿ ಕ್ಯಾನು ತೊಳೆದು ತುಂಬಿಸಿಟ್ಟೆ. ಸೂಜಿ ನೋಡದೆ ಎತ್ತಿಕೊಂಡು ಹೋದಳು.

ಸಂಜೆ ಅವಳು ಬಂದ ರೀತಿ ನೋಡಿದರೆ ನಡೆದು ಬಂದಂತಿರಲಿಲ್ಲ, ತೇಲಿ ಬಂದಂತಿತ್ತು. ನನ್ನ ಸೊಂಟ ಹಿಡಿದು ತಿರುಗಿಸಿದಳು.

“ಮಲಗ್ತು ಅತ್ತಿಗೆ! ಗೆರೆ ಚಪ್ಪಟೆ ಮಲಗ್ತು! ಹೊಸ ಹಾಸಿಗೆ ಸರಿಹೋಯ್ತು. ನಾಳೆ ಮೇಡಂ ಮುಂದೆ ಅಪ್ಪನ ಕೈಯಿಂದಾನೇ ಹೊಸ ಕ್ಯಾನು!”

“ಬಿಡೇ, ಬೀಳ್ತೀನಿ,” ಎಂದು ನಕ್ಕೆ. ಅವಳು ಮುಖ ತೊಳೆಯಲು ಹೋದಳು. ನನ್ನ ನಗು ಹಾಗೇ ಮುಖದ ಮೇಲೆ ನಿಂತುಬಿಟ್ಟಿತು. ಹೂವು ಅದೇ, ಸಕ್ಕರೆ ಅದೇ, ನೀರು ಅದೇ. ಬೇರೆಯಾಗಿದ್ದದ್ದು ಕೈ ಒಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಪಾಪ ಈ ಹುಡುಗಿ ಇಷ್ಟು ದಿನ ಪಟ್ಟಿಗೆ ಬರೆ ಹಾಕುತ್ತಿದ್ದಳು. ನಾಳೆ ಮಾವನ ಕ್ಯಾನು ಹೋದರೆ ಮೇಡಂ ಎದುರಿಗೆ ಗುಡ್ಡ ಏಳುತ್ತದೆ.

ಧುಮುಗುಟ್ಟುತ್ತಾ ಅಡುಗೆಮನೆಗೆ ಹೋದೆ. ಬಾಯಿ ತುಂಬ ಬೈಗುಳ ಇತ್ತು. ಅತ್ತೆ ಬರೆದ ಹಲಗೆಯ ಕೆಳಗೆ ಕೂತು ಇಂಥ ಕೆಲಸವೇ ಎಂದು ಕೇಳಬೇಕಿತ್ತು.

ಮಾವ ಕಿಟಕಿಯ ಮುಂದೆ ನಿಂತಿದ್ದರು. ಲೋಟದಲ್ಲಿ ಶರಬತ್ತು ಹಿಡಿದು ಸಂಜೆಯ ಬೆಳಕಿಗೆ ಎತ್ತಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಆ ಲೋಟ ಕೆಂಡದ ಹಾಗೆ ಉರಿಯುತ್ತಿತ್ತು. ಅವರ ಮುಖ, ಬಿಳಿ ಗಡ್ಡ, ಹಿಂದಿನ ಗೋಡೆ ಎಲ್ಲವೂ ಆ ಉರಿಯಲ್ಲಿ ಮುಳುಗಿದ್ದವು.

“ಯಾರು, ಸೊಸೆಯಾ? ಬಾ ಇಲ್ಲಿ. ಇದು ಕೆಂಪಗಿದೆಯಾ?”

ಬೈಯುವುದಕ್ಕೆಂದೇ ಹತ್ತಿರ ಹೋದೆ. ಅವರ ಕಣ್ಣಿನ ಕಪ್ಪು ಕಪ್ಪಾಗಿರಲಿಲ್ಲ. ಹಾಲಿನ ಕೆನೆ ಕಟ್ಟಿದಂತಿತ್ತು. ಒಂದೇ ಸೂರಿನಡಿ ಇದ್ದು ನಾನು ಅದನ್ನು ನೋಡಿರಲಿಲ್ಲ.

“ನಿಮಗೆ ಹೇಗೆ ಕಾಣುತ್ತೆ ಮಾವ?”

“ಬಟ್ಟೆ ತೊಳೆದ ನೀರಿನ ಹಾಗೆ. ನಿಮ್ಮತ್ತೆ ಇದ್ದಾಗ ಹೀಗಿರಲಿಲ್ಲ. ಹೂವಿನಲ್ಲೇ ಸತ್ವ ಹೋಗಿದೆ ಅಂದ್ಕೊಂಡೆ. ಮಿಠಾಯಿಯವನ ಹತ್ರ ಒಂದು ಡಬ್ಬಿ ತಂದೆ. ಮೊದಲು ಒಂದು ಚಿಟಿಕೆ. ಆಮೇಲೆ ಅದೂ ಸಾಲಲಿಲ್ಲ.” ಲೋಟ ಇಳಿಸಿದರು. “ನಾನೇನು ವ್ಯಾಪಾರಕ್ಕೆ ಹಾಕಿಲ್ಲಮ್ಮ. ಅವಳ ಕೆಂಪು ಎಲ್ಲಿಗೋ ಹೋಗ್ತಾ ಇತ್ತು. ಹಿಡಿದು ನಿಲ್ಲಿಸೋಣ ಅಂತ.”

“ಕೆಂಪು ಎಲ್ಲೂ ಹೋಗಿಲ್ಲ, ಹೋಗಿರೋದು ನಿಮ್ಮ ಕಣ್ಣು!” ಎಂದೆ. ಜೋರಾಗಿಯೇ ಬಂತು. ನನಗೆ ಮೆತ್ತಗೆ ಹೇಳಲು ಬರುವುದಿಲ್ಲ. ಆಮೇಲೆ ಅವರ ಪಕ್ಕ ನಿಂತು, ಸೂಜಿಯ ಗುಡ್ಡದ ಕಥೆ, ಚರಂಡಿಗೆ ಹೋದ ಕ್ಯಾನು, ನಾಳೆ ಬರುವ ಮೇಡಂ, ಎಲ್ಲ ಹೇಳಿದೆ.

ಅವರು ಲೋಟದ ಶರಬತ್ತನ್ನು ನಾಳೆಗೆಂದು ಕುದಿಯುತ್ತಿದ್ದ ಹಂಡೆಗೆ ಸುರಿದರು. ಹಬೆ ಅವರ ಸುತ್ತ ಸುತ್ತಿ ಮೇಲೆ ಹೋಗುತ್ತಿತ್ತು.

“ನಾಳೆಗೆ ನಾನೇ ಮಾಡ್ಕೊಡ್ತೀನಿ ಬಿಡಿ,” ಎಂದೆ. “ಅವಳಿಗೆ ಗೊತ್ತಾಗೋದು ಬೇಡ. ನಂಬಿಕೊಂಡಿದಾಳೆ.”

“ಆ ಪಟ್ಟಿಗೆ ಕಣ್ಣಿದೆಯಾ?”

“ಇಲ್ಲ. ನೆಕ್ಕಿ ನೋಡುತ್ತೆ ಅಷ್ಟೆ.”

“ಹಾಗಾದ್ರೆ ನನಗಿಂತ ಜಾಣ. ನಾನು ನಾಲಗೆ ಬಿಟ್ಟು ಕಣ್ಣು ನಂಬಿದೆ.” ಒಲೆಯ ಮೇಲಿನ ಹಂಡೆ ಇಳಿಸಲು ಕೈಚಾಚಿದರು. “ಇದನ್ನ ಚೆಲ್ಲು. ಒಂದು ಚೊಂಬು ಮಾತ್ರ ಉಳಿಸು. ಸೂಜೀನ ಕರಿ.”

ತೊಳೆದ ಹಂಡೆಗೆ ಅವರು ಹೊಸದಾಗಿ ಹೂವು ಹಾಕಿದರು. ಈ ಸಲ ಕಣ್ಣು ಮುಚ್ಚಿಕೊಂಡೇ ಕೈಯಾಡಿಸಿದರು. ಹಬೆ ಮೂಸಿದರು, ಸೌಟಿನ ತುದಿ ನಾಲಗೆಗೆ ಮುಟ್ಟಿಸಿದರು, ಒಂದು ಹಿಡಿ ಸಕ್ಕರೆ ಹಾಕಿದರು. ಸೂಜಿ ಒದ್ದೆ ಮುಖದಲ್ಲೇ ಬಾಗಿಲಲ್ಲಿ ನಿಂತಿದ್ದಳು. ಮಾವ ಸೋಸಿದ್ದನ್ನೂ ಉಳಿಸಿದ ಚೊಂಬನ್ನೂ ಅಕ್ಕಪಕ್ಕ ಇಟ್ಟರು.

“ನಿನ್ನ ಪಟ್ಟಿ ಮೊದಲಿಂದಾನೂ ಸರಿ ಇತ್ತು ಮಗಳೇ. ಸೊನ್ನೆ ಕ್ಯಾನೇ ಸುಳ್ಳು. ಡಬ್ಬಿ ಬಣ್ಣ ಹಾಕಿದ್ದು ನಾನು.”

ಸೂಜಿ ಚುಚ್ಚಲಿಲ್ಲ. ಹೋಗಿ ತನ್ನ ಚೀಲದಿಂದ ಪೆಟ್ಟಿಗೆ ತಂದು ನೆಲದ ಮೇಲೆ ಕೂತಳು. ಹೊಸದರ ಒಂದು ಹನಿ, ಚೊಂಬಿನದರ ಒಂದು ಹನಿ, ಬೇರೆ ಬೇರೆ ಪಟ್ಟಿಗೆ. ಗೆರೆಗಳು ಮೂಡಿದವು. ನಾನು ನೋಡಿದೆ. ಮಾವನಿಗೆ ಏನೂ ಕಾಣಲಿಲ್ಲ.

“ಏನಂತೆ?”

ಸೂಜಿ ಅಪ್ಪನ ತೋರುಬೆರಳು ಹಿಡಿದು ಗಾಜಿನ ಮೇಲಿಟ್ಟಳು. ಮೊದಲ ಗೆರೆಯ ಮೇಲೆ ನಡೆಸಿದಳು. ಹೊಸ್ತಿಲ ಬಳಿ ಬೆರಳು ಚೂರು ಏರಿಳಿದು, ಮುಂದೆ ಬಯಲಲ್ಲಿ ನಡೆದಂತೆ ನೇರ ಹೋಯಿತು. “ಇದು ಈಗ ಮಾಡಿದ್ದು ಅಪ್ಪ.” ಆಮೇಲೆ ಎರಡನೆಯ ಗೆರೆ. ಬೆರಳು ಬಯಲು ದಾಟಿ ಏರತೊಡಗಿತು, ಏರುತ್ತಲೇ ಹೋಯಿತು.

“ಇಷ್ಟು ಎತ್ತರ ಹಾಕಿದ್ನಾ?” ಮಾವ ಪಿಸುಗುಟ್ಟಿದರು.

“ಇಲ್ಲಿಂದ ಬಿದ್ರೆ ಮೂಳೆ ಸಿಗಲ್ಲ,” ಎಂದೆ ನಾನು.

ಅವಳ ಕೆನ್ನೆ ಒದ್ದೆಯಾಗಿತ್ತು. ತೊಳೆದ ನೀರೋ ಬೇರೆಯದೋ ನಾನು ಕೇಳಲಿಲ್ಲ. “ನಾಳೆ ಎರಡೂ ಒಯ್ತೀನಿ,” ಎಂದಳು. “ಮೇಡಂಗೆ ಬಯಲೂ ತೋರಿಸ್ತೀನಿ, ಗುಡ್ಡಾನೂ ತೋರಿಸ್ತೀನಿ. ಯಾರು ಮಾಡಿದ್ದು ಅಂತ ಕೇಳಿದ್ರೆ...”

“ನಮ್ಮಪ್ಪ ಅನ್ನು,” ಎಂದರು ಮಾವ. “ಎರಡಕ್ಕೂ.”

ಗುಡ್ಡದ ಇಳಿಜಾರು ಇನ್ನೂ ಬಾಕಿಯಿತ್ತು. ಸೂಜಿ ಅವರ ಬೆರಳು ಬಿಡದೆ ಮೆಲ್ಲಗೆ ಕೆಳಗಿಳಿಸುತ್ತಿದ್ದಳು. ನಾನು ಮುಂದಿನ ಕೋಣೆಗೆ ಹೋಗಿ ಕಿಟಕಿಯ ಬಾಟಲಿಗಳನ್ನು ಒಂದೊಂದಾಗಿ ಇಳಿಸಿ ಚರಂಡಿಗೆ ಸುರಿಯತೊಡಗಿದೆ. ಒಂದೊಂದು ಬಾಟಲಿ ಹೋದಂತೆ ಗೋಡೆಯ ಕೆಂಪು ಒಂದೊಂದು ಪಟ್ಟೆ ಕಳಚಿ, ಕೋಣೆಯೊಳಕ್ಕೆ ಬರೀ ಬೆಳಕು ಬಂತು.