ಹಸಿರು ನೀರು ಹೋದದ್ದೆಲ್ಲಿಗೆ

ಚಿಕ್ಕಮ್ಮ ಫೋನ್ ಮಾಡಿ, "ಬಂದು ಕಾರಿನ ಕೀ ತಗೊಂಡು ಹೋಗ್ಬಿಡು, ನನ್ನ ಕೈಲಿ ಇರೋದು ಬೇಡ" ಅಂದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಅವಳ ಮೇಲೆ ರೇಗಿದ್ದು. ನನ್ನ ಸ್ವಭಾವವೇ ಅಷ್ಟು. ಹೆದರಿಕೆಯಾದರೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಈ ಹೆಂಗಸು ಒಂದೇ ಒಂದು ಕಾರಿಟ್ಟುಕೊಂಡು ನಮ್ಮೂರಿನ ಅರ್ಧ ಹೆಂಗಸರಿಗೆ ಡ್ರೈವಿಂಗ್ ಕಲಿಸಿದವಳು. ಸ್ಕೂಲು ಮುಚ್ಚಿ, ಕಾರಿನ ನೆತ್ತಿಯ ಮೇಲಿನ ಬೋರ್ಡು ಇಳಿಸಿ ಎಷ್ಟೋ ವರ್ಷವಾದರೂ ಆ ಕಾರನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ನನ್ನ ಗಂಡ ಒಮ್ಮೆ ಕೇಳಿ, ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಿಸಿಕೊಂಡಿದ್ದರು.

"ಏನಾಯ್ತು ಅಂತ ನೆಟ್ಟಗೆ ಹೇಳ್ತೀಯೋ ಇಲ್ವೋ?"

"ಮರೆವು ಶುರುವಾಗಿದೆ ಕಣೇ. ಅಕ್ಕನ ಹಾಗೇ."

ಅಕ್ಕ ಎಂದರೆ ನನ್ನ ಅಮ್ಮ. ಕೊನೆಯ ವರ್ಷಗಳಲ್ಲಿ ಅಮ್ಮನಿಗೆ ಮೊದಲು ವಸ್ತುಗಳ ಹೆಸರು ಹೋಯಿತು, ಆಮೇಲೆ ಮನುಷ್ಯರ ಹೆಸರು, ಕೊನೆಗೆ ಮನುಷ್ಯರೇ ಹೋದರು. ನನ್ನನ್ನು ನೋಡಿ "ಯಾರಮ್ಮ ನೀನು, ಊಟ ಮಾಡ್ಕೊಂಡು ಹೋಗು" ಎಂದು ಉಪಚಾರ ಮಾಡುತ್ತಿದ್ದಳು. ಆಗೆಲ್ಲ ಹಗಲೂ ರಾತ್ರಿ ಪಕ್ಕದಲ್ಲಿ ಇದ್ದವಳು ಚಿಕ್ಕಮ್ಮ. ಹಾಗಾಗಿ ನಮ್ಮ ಮನೆಯಲ್ಲಿ ಮರೆವಿನ ಮಾತನ್ನು ಯಾರೂ ತಮಾಷೆಗೂ ಆಡುವುದಿಲ್ಲ. ನಾನು ಕೆಲಸ ಮಾಡುವ ಶಾಲೆಯ ಲ್ಯಾಬಿಗೆ ರಜೆ ಹೇಳಿ ಬಸ್ಸು ಹತ್ತಿದೆ.

ಮನೆ ಹೊಕ್ಕರೆ ಚಿಕ್ಕಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಕೀ ಮೇಜಿನ ಮೇಲಿತ್ತು. ಅದನ್ನು ಮುಟ್ಟದೆ, ಅತ್ತ ನೋಡದೆ, ನಡೆದದ್ದನ್ನೆಲ್ಲ ಹೇಳಿದಳು. ದಿನಾ ಬೆಳಿಗ್ಗೆ ಬಾನೆಟ್ ಎತ್ತಿ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ಹಸಿರು ನೀರಿನ ಡಬ್ಬಿ ನೋಡುವುದು ಅವಳ ಹಳೆಯ ಅಭ್ಯಾಸ. ಕೆಲವು ವಾರಗಳಿಂದ ದಿನಾ ನೀರು ಗೆರೆಯಿಂದ ಕೆಳಗಿಳಿದಿರುತ್ತದೆ. ಗೆರೆಯವರೆಗೆ ತುಂಬಿಸಿ ಮುಚ್ಚುತ್ತಾಳೆ. ಮಾರನೆಯ ದಿನ ನೋಡಿದರೆ ಮತ್ತೆ ಕೆಳಗೆ.

"ಸೋರ್ತಿದೆ ಅಷ್ಟೇ. ಅದಕ್ಕೆ ಇಷ್ಟು ರಾದ್ಧಾಂತವಾ?" ಅಂದೆ.

"ಸೋರಿದ್ರೆ ನೆಲ ಒದ್ದೆ ಆಗ್ಬೇಕಲ್ವೇನೇ? ಕಾರಿನಡಿ ಹಳೇ ಪೇಪರ್ ಹಾಸಿಟ್ಟು ನೋಡಿದೆ. ಒಂದು ಹನಿ ಇಲ್ಲ. ಹಾಕಿದೀನಿ ಅಂತ ನಾನು ಅಂದ್ಕೋತೀನಿ, ಹಾಕಿರೋದೇ ಇಲ್ಲ."

"ಹಾಗಾದ್ರೆ ಕೂಲೆಂಟ್ ಕ್ಯಾನು ಖಾಲಿ ಆಗ್ಬಾರ್ದಲ್ಲ?"

"ಖಾಲಿ ಆಗಿದೆ. ಎಲ್ಲಿಗೆ ಸುರಿದೆನೋ ಯಾರಿಗೆ ಗೊತ್ತು? ಅಕ್ಕ ಅಡುಗೆ ಎಣ್ಣೇನ ಹೂವಿನ ಕುಂಡಕ್ಕೆ ಹಾಕಿದ್ಲು, ನೆನಪಿದೆ ತಾನೇ?"

ನೆನಪಿತ್ತು. ಗಿಡಕ್ಕೆ ಬಾಯಾರಿಕೆ ಅಂದಿದ್ದಳು ಅಮ್ಮ.

"ಕಣ್ಣೂ ಮಂಜಾಗ್ತಿದೆ. ಗಾಡಿ ಹತ್ತಿದ್ರೆ ಮುಂದಿನದೇನೂ ಸರಿಯಾಗಿ ಕಾಣಲ್ಲ. ವೃದ್ಧಾಶ್ರಮಕ್ಕೆ ಹೋಗಿ ಒಂದು ಕೋಣೆ ಕೇಳ್ಕೊಂಡು ಬಂದಿದೀನಿ. ಅಕ್ಕನ್ನ ನಾನು ನೋಡ್ಕೊಂಡೆ. ನನ್ನನ್ನ ಹಾಗೆ ಯಾರೂ ನೋಡ್ಕೊಂಡು ಸವೀಬೇಕಾಗಿಲ್ಲ."

ಇಷ್ಟು ಹೇಳಿ ಎದ್ದು ಕಾಫಿಗೆ ಇಟ್ಟಳು. ನಾನು ಅವಳ ಕೈಯನ್ನೇ ನೋಡುತ್ತ ಕೂತೆ. ಸಕ್ಕರೆ ಎಷ್ಟು ಚಮಚ ಹಾಕಿದಳು, ಒಲೆ ಆರಿಸಿದಳೋ ಇಲ್ಲವೋ. ಸುಮ್ಮನೆ ಕೇಳುವವಳ ಹಾಗೆ, "ನನ್ನ ಮದುವೆ ಯಾವ ತಿಂಗಳು ಆಗಿದ್ದು ಚಿಕ್ಕಮ್ಮ?" ಅಂದೆ. ಅವಳು ಲೋಟವನ್ನು ನನ್ನ ಮುಂದೆ ಕುಕ್ಕಿದಳು.

"ಪರೀಕ್ಷೆ ಮಾಡ್ತೀಯಾ ನನ್ನ? ನಿನಗೆ ಡ್ರೈವಿಂಗ್ ಪರೀಕ್ಷೆ ಪಾಸ್ ಮಾಡಿಸಿದವಳು ನಾನು, ಬ್ರೇಕಮ್ಮ."

ಬ್ರೇಕಮ್ಮ ಅಂದರೆ ನಾನೇ. ಕಲಿಯುವಾಗ ಎದುರಿಗೆ ಕೋಳಿ ಬಂದರೂ ಬ್ರೇಕು, ಕೋಳಿ ಬರಬಹುದು ಅನ್ನಿಸಿದರೂ ಬ್ರೇಕು. ಆ ಹೆಸರು ಅವಳ ಬಾಯಲ್ಲಿ ಕೇಳಿ ಬಹಳ ದಿನವಾಗಿತ್ತು. ಆದರೂ ಅನುಮಾನ ಹೋಗಲಿಲ್ಲ. ಅಮ್ಮನಿಗೂ ಹಳೆಯದೆಲ್ಲ ನೆನಪಿತ್ತು. ಮರೆಯುತ್ತಿದ್ದದ್ದು ಅವತ್ತು ಬೆಳಿಗ್ಗೆ ಮಾಡಿದ್ದನ್ನು.

ಕೀ ಎತ್ತಿಕೊಂಡು ಹಿತ್ತಲಿನ ಶೆಡ್ಡಿಗೆ ಹೋದೆ. ಹಿಂದೆ ಈ ಶೆಡ್ಡೇ ತರಗತಿ. ಸೇರಿದ ಮೊದಲ ದಿನ ಚಿಕ್ಕಮ್ಮ ಯಾರಿಗೂ ಸ್ಟೀರಿಂಗ್ ಮುಟ್ಟಲು ಬಿಡುತ್ತಿರಲಿಲ್ಲ. ಬಾನೆಟ್ ಎತ್ತಿಸಿ, ನೋಡು, ಮುಟ್ಟು, ಮೂಸು ಎನ್ನುತ್ತಿದ್ದಳು. ಬ್ಯಾಂಕಿನ ಮ್ಯಾನೇಜರ್ ಹೆಂಡತಿ ಇರಲಿ, ಮೀನು ಮಾರುವವಳಿರಲಿ, ಎಲ್ಲರೂ ಎಂಜಿನ್ನಿಗೆ ಮೂಗು ಒಡ್ಡಿ ನಿಲ್ಲಬೇಕು. ಕೆಲವರು ಗಂಡಂದಿರ ಹತ್ತಿರ ದೂರು ಹೇಳಿದರು, ಗಂಡಂದಿರು ಬಂದು ಜಗಳ ಆಡಿದರು. ಚಿಕ್ಕಮ್ಮ ಅವರಿಗೂ ಮೂಸಿಸಿ ಕಳಿಸಿದಳು. ನಾನು ರಜೆಯಲ್ಲಿ ಬಂದಾಗಲೆಲ್ಲ ಬಾಗಿಲ ಬಳಿ ಕೂತು ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಮ್ಮನೂ ನಗುತ್ತಿದ್ದಳು. ಆ ನಗು ಇನ್ನೊಮ್ಮೆ ಕೇಳುವಂತಿದ್ದರೆ ಏನು ಬೇಕಾದರೂ ಕೊಡುತ್ತಿದ್ದೆ.

ಚಿಕ್ಕಮ್ಮ ಕಲಿಸಿದ ಕ್ರಮದಲ್ಲೇ ಶುರು ಮಾಡಿದೆ. ನೆಲದ ಮೇಲೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ, ಎಲ್ಲೂ ಒದ್ದೆ ಇಲ್ಲ. ರೇಡಿಯೇಟರ್ ಮುಂದೆ, ಹಿಂದೆ, ಅಂಚಿನಲ್ಲಿ ಬೆರಳಾಡಿಸಿದೆ, ಒಣಗಿತ್ತು. ರಬ್ಬರ್ ಪೈಪುಗಳನ್ನು ಒಂದೊಂದಾಗಿ ಹಿಸುಕಿದೆ, ಬಿರುಕಿಲ್ಲ. ಎಂಜಿನ್ ಒಳಗೇ ಕುಡಿದುಬಿಡುತ್ತಿದೆಯೋ ಎಂದು ಆಯಿಲ್ ಕಡ್ಡಿ ಎಳೆದು ನೋಡಿದೆ. ನೀರು ಬೆರೆತಿದ್ದರೆ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಇದು ಕಪ್ಪಗೆ, ಶುದ್ಧವಾಗಿತ್ತು. ಸ್ಟಾರ್ಟ್ ಮಾಡಿದರೆ ಹೊಗೆಯೂ ಸರಿಯಾಗಿಯೇ ಇತ್ತು.

ಒಂದೊಂದು ಕಡೆ ಸರಿಯಾಗಿದೆ ಎಂದು ತಿಳಿದಾಗಲೂ ನನ್ನ ಜೀವ ಕುಗ್ಗುತ್ತಿತ್ತು. ಎಲ್ಲಾದರೂ ಕೆಟ್ಟಿರಲಿ ದೇವರೇ, ಒಂದೇ ಒಂದು ತೂತು ಸಿಗಲಿ ಎಂದು ಬೇಡಿಕೊಂಡೆ. ಸುಸ್ಥಿತಿಯಲ್ಲಿರುವ ಗಾಡಿಗೆ ಹೀಗೆ ಶಾಪ ಹಾಕಿದವರು ಬೇರೆ ಯಾರೂ ಇರಲಿಕ್ಕಿಲ್ಲ.

ಚಿಕ್ಕಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. "ಸಿಗ್ಲಿಲ್ಲ ತಾನೇ?"

"ಸುಮ್ನಿರು ಸ್ವಲ್ಪ" ಎಂದು ಸಿಡುಕಿ ಕಾರಿನೊಳಗೆ ಹೋಗಿ ಕೂತೆ. ಕೂತದ್ದು ಡ್ರೈವರ್ ಪಕ್ಕದ ಸೀಟಿನಲ್ಲಿ. ನಾವು ಅದನ್ನು ಗುರುಸೀಟು ಅನ್ನುತ್ತಿದ್ದೆವು. ಕಲಿಸುವವಳ ಕಾಲಿಗೂ ಅಲ್ಲೊಂದು ಬ್ರೇಕು, ಒಂದು ಕ್ಲಚ್ಚು. ನನ್ನಂಥವರಿಂದ ಊರನ್ನು ಕಾಪಾಡಿದ್ದು ಆ ಬ್ರೇಕೇ. ಬಾಗಿಲು ಎಳೆದುಕೊಂಡದ್ದೇ ತಡ, ಸಕ್ಕರೆ ಪಾಕ ಸೀದುಹೋದಂಥ ಒಂದು ವಾಸನೆ ಮೂಗಿಗೆ ಬಡಿಯಿತು.

"ಚಿಕ್ಕಮ್ಮ, ಒಳಗೆ ಏನು ಇದು ವಾಸನೆ?"

"ಹೋದ ಸಲ ಜ್ವರ ಬಂದಾಗ್ಲೇ ನನಗೆ ವಾಸನೆ ತಿಳಿಯೋದು ಹೋಯ್ತಲ್ಲೇ. ಹಾಲು ಸೀದ್ರೂ ಗೊತ್ತಾಗಲ್ಲ ಈಗ."

ಕೂಲೆಂಟಿಗೆ ಸಿಹಿ ವಾಸನೆ ಇರುತ್ತದೆ ಎಂದು ನನಗೆ ಕಲಿಸಿದವಳೇ ಅವಳು. ಮುಂದಿನ ಗಾಜಿಗೆ ಬೆರಳು ತಾಗಿಸಿದೆ. ಜಿಡ್ಡು ಜಿಡ್ಡಾದ ಆವಿ ಒಳಗಡೆಯಿಂದ ಕಟ್ಟಿಕೊಂಡಿತ್ತು. ಮಂಜಾಗಿದ್ದದ್ದು ಗಾಜು, ಅವಳ ಕಣ್ಣಲ್ಲ. ಕಾಲು ಒತ್ತಿದೆ. ರಬ್ಬರ್ ಮ್ಯಾಟಿನಡಿ ಪಚಕ್ಕೆಂದಿತು.

ಮ್ಯಾಟು ಎತ್ತಿದೆ. ಕೆಳಗೆ ಕಂಬಳಿ ಇತ್ತು.

ಆ ಕಂಬಳಿಯ ಕಥೆ ಹೇಳಬೇಕು. ಚಿಕ್ಕಮ್ಮ ಗಿಡ್ಡ. ಸ್ಕೂಲು ಶುರು ಮಾಡಿದ ಹೊಸದರಲ್ಲಿ ಗುರುಸೀಟಿನ ಬ್ರೇಕಿಗೆ ಅವಳ ಕಾಲು ಸರಿಯಾಗಿ ಎಟಕುತ್ತಿರಲಿಲ್ಲ. ಪೆಡಲ್ ಎತ್ತರ, ಹಿಮ್ಮಡಿಗೆ ಆಸರೆಯಿಲ್ಲ. ಗ್ಯಾರೇಜಿನವನು ಪೆಡಲ್ ಬಗ್ಗಿಸಿಕೊಡುತ್ತೇನೆಂದು ಸತಾಯಿಸುತ್ತಲೇ ಇದ್ದ. ಅಮ್ಮ ರೋಸಿಹೋಗಿ ಒಂದು ದಪ್ಪ ಉಣ್ಣೆ ಕಂಬಳಿಯನ್ನು ಮಡಿಸಿ ಮಡಿಸಿ, ಗೋಣಿಸೂಜಿಯಲ್ಲಿ ಹೊಲಿದು, ದಿಂಬಿನ ಹಾಗೆ ಮಾಡಿ ಕಾಲಡಿ ಇಟ್ಟುಬಿಟ್ಟಳು. "ಈಗ ತುಳಿ, ಯಾರನ್ನೂ ಸಾಯಿಸಬೇಡ" ಅಂದಳಂತೆ. ಅಂದಿನಿಂದ ಅದು ಅಲ್ಲೇ. ಸ್ಕೂಲು ಮುಚ್ಚಿದ ಮೇಲೆ ಚಿಕ್ಕಮ್ಮ ಒಬ್ಬಳೇ ಗಾಡಿ ಓಡಿಸುವವಳು, ಕೂರುವುದು ಸ್ಟೀರಿಂಗ್ ಮುಂದೆ. ಆಯುಷ್ಯವೆಲ್ಲ ಕೂತ ಆ ಸೀಟಿನಲ್ಲಿ ಅವಳು ಕೂರುವುದೇ ನಿಂತುಹೋಗಿತ್ತು. ಕಾಲಡಿ ನೋಡುವವರು ಯಾರು?

ಕಂಬಳಿ ಎತ್ತಲು ಎರಡೂ ಕೈ ಬೇಕಾಯಿತು. ಅಷ್ಟು ಭಾರ. ಶೆಡ್ಡಿನ ಟಬ್ಬಿನ ಮೇಲೆ ಹಿಡಿದು ಹಿಂಡಿದೆ. ಹಸಿರು ನೀರು ಸುರಿಯಿತು. ಮತ್ತೆ ಹಿಂಡಿದೆ, ಮತ್ತೆ ಸುರಿಯಿತು. ಅಮ್ಮನ ಹೊಲಿಗೆ ಒಂದೂ ಬಿಟ್ಟಿರಲಿಲ್ಲ.

"ನೋಡು, ನೋಡಿಲ್ಲಿ! ನೀನು ಹಾಕಿದ್ದೆಲ್ಲ ಇಲ್ಲಿದೆ!" ಎಂದು ಕಿರುಚಿದೆ. ಆಚೆ ಮನೆಯವರು ಕಿಟಕಿ ತೆಗೆದು ನೋಡಿದರು.

ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿಗೆಂದು ಒಂದು ಪುಟ್ಟ ರೇಡಿಯೇಟರ್ ಇರುತ್ತದೆ. ಎಂಜಿನ್ನಿನ ಬಿಸಿನೀರು ಎರಡು ಪೈಪುಗಳಲ್ಲಿ ಅದರೊಳಗೆ ಹೋಗಿ ಬರುತ್ತದೆ. ತೂತಾಗಿದ್ದದ್ದು ಅದು. ಬಿಸಿಯಾದಾಗಲೆಲ್ಲ ಒಳಗಡೆಯೇ ತೊಟ್ಟಿಕ್ಕಿದ್ದನ್ನೆಲ್ಲ, ನೆಲಕ್ಕೆ ಒಂದು ಹನಿಯೂ ಬೀಳದ ಹಾಗೆ ಕಂಬಳಿ ಕುಡಿದುಕೊಂಡಿತ್ತು.

ಚಿಕ್ಕಮ್ಮ ಟಬ್ಬನ್ನೇ ದಿಟ್ಟಿಸಿದಳು. ನಾನು ಕುಣಿದಾಡುತ್ತಿದ್ದರೆ ಅವಳ ಮುಖ ಸಡಿಲವಾಗಲಿಲ್ಲ. "ಸ್ವಲ್ಪ ಸೋರಿದೆ, ಸರಿ. ಆದ್ರೆ ದಿನಾ ಇಳೀತಿದ್ದದ್ದು ಪೂರ್ತಿ ಇದೇನಾ? ಮೊದಲು ರಿಪೇರಿ ಆಗ್ಲಿ. ನಾಳೆ ಬೆಳಿಗ್ಗೆ ಗೆರೆ ನಿಂತಿದ್ರೆ ನಂಬ್ತೀನಿ" ಅಂದಳು. ಅವಳ ಹಟ ನನಗೆ ಹೊಸದಲ್ಲ; ನನ್ನ ಹಟವೂ ಅಲ್ಲಿಂದಲೇ ಬಂದದ್ದು.

ಆ ಪುಟ್ಟ ರೇಡಿಯೇಟರ್ ಬದಲಿಸಬೇಕೆಂದರೆ ಡ್ಯಾಶ್‌ಬೋರ್ಡನ್ನೇ ಕಳಚಬೇಕು, ಅದು ನಮ್ಮಿಂದಾಗದ ಮಾತು. ಅದಕ್ಕೆ ನೀರೇ ಹೋಗದಂತೆ ಮಾಡಿದರೆ ಸಾಕಲ್ಲ? ಚಿಕ್ಕಮ್ಮನೇ ಹೇಳಿದಳು, "ಎರಡು ಪೈಪನ್ನೂ ಬಿಚ್ಚಿ ಒಂದಕ್ಕೊಂದು ಸೇರಿಸು. ಹೀಟರ್ ಇಲ್ಲದಿದ್ರೆ ಸ್ವೆಟರ್ ಹಾಕ್ಕೋತೀನಿ." ಮೂಲೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಒಂದು ತುಂಡು ಲೋಹದ ಕೊಳವೆ, ಎರಡು ಕ್ಲಿಪ್ಪು, ಒಂದು ಕ್ಯಾನ್ ಕೂಲೆಂಟ್ ತಂದೆ.

ಎಂಜಿನ್ ಪೂರ್ತಿ ಆರುವವರೆಗೂ ಚಿಕ್ಕಮ್ಮ ಮುಚ್ಚಳ ಮುಟ್ಟಗೊಡಲಿಲ್ಲ. "ಬಿಸಿಯಲ್ಲಿ ತೆಗೆದ್ರೆ ಮುಖಕ್ಕೇ ಹಾರುತ್ತೆ, ಎಷ್ಟು ಸಲ ಬಾಯಿ ಬಡ್ಕೊಂಡಿದೀನಿ" ಎಂದಳು. ಆಮೇಲೆ ಬಟ್ಟೆ ಹಾಕಿ ಮೆಲ್ಲಗೆ ತಿರುಗಿಸಿದೆವು. ಎಂಜಿನ್ನಿನ ಹಿಂದಿನ ತಗಡಿನ ಗೋಡೆಯೊಳಗೆ ಹೋಗುತ್ತಿದ್ದ ಎರಡು ಪೈಪುಗಳ ಕ್ಲಿಪ್ಪು ಸಡಿಲಿಸಿದೆ. ಪೈಪುಗಳು ಬೆಸೆದುಕೊಂಡವುಗಳ ಹಾಗೆ ಕಚ್ಚಿ ಕೂತಿದ್ದವು. ನಾನು ಜೋರಾಗಿ ಎಳೆದೆ.

"ಎಳೀಬೇಡ್ವೇ, ತಿರುಚು! ಎಳೆದ್ರೆ ಹರಿಯುತ್ತೆ. ಗಂಡನ ಹತ್ರ ಮಾತಾಡೋ ಹಾಗೆ ಗಾಡಿ ಹತ್ರ ಮಾತಾಡಬೇಡ."

ತಿರುಚಿದೆ, ಬಿಟ್ಟುಕೊಂಡಿತು. ಒಳಗಿದ್ದ ನೀರು ಟಬ್ಬಿಗೆ ಬಿತ್ತು. ಬೆಕ್ಕು ನಾಯಿ ನೆಕ್ಕಿದರೆ ವಿಷ ಎಂದು ಚಿಕ್ಕಮ್ಮ ಅದನ್ನು ಕೂಡಲೇ ಹಳೆಯ ಖಾಲಿ ಕ್ಯಾನಿಗೆ ಬಗ್ಗಿಸಿ ಬಿರಡೆ ಹಾಕಿದಳು. ಕೊಳವೆಯ ಎರಡೂ ತುದಿಗೆ ಪೈಪು ತೂರಿಸಿ, ಕ್ಲಿಪ್ಪು ಬಿಗಿದು, ಹೊಸ ಕೂಲೆಂಟ್ ಹಾಕಿ, ಮುಚ್ಚಳ ತೆರೆದಿಟ್ಟೇ ಸ್ಟಾರ್ಟ್ ಮಾಡಿದೆವು. ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಗುಳ್ಳೆಯಾಗಿ ಬರುತ್ತಿತ್ತು. ಚಿಕ್ಕಮ್ಮ ಮೇಲಿನ ಪೈಪನ್ನು ಹಿಸುಕಿ ಹಿಸುಕಿ ಗಾಳಿ ಹೊರಡಿಸಿದಳು. ಗುಳ್ಳೆ ನಿಂತ ಮೇಲೆ ಗೆರೆಯವರೆಗೆ ತುಂಬಿಸಿ ಮುಚ್ಚಿದಳು.

ಸಂಜೆ ಊರು ಸುತ್ತಿಸಿದಳು. ಅವಳು ಸ್ಟೀರಿಂಗ್ ಹಿಡಿದಳು, ನಾನು ಗುರುಸೀಟಿನಲ್ಲಿ. ಒರೆಸಿದ ಗಾಜು ಮತ್ತೆ ಮಂಜಾಗಲಿಲ್ಲ. ರಿವರ್ಸ್ ಕಲಿಸುತ್ತಿದ್ದ ಗೋದಾಮಿನ ಬೀದಿ, ಏರಿನಲ್ಲಿ ನಿಲ್ಲಿಸಿ ಹೊರಡಿಸುತ್ತಿದ್ದ ಸೇತುವೆ, ಎಲ್ಲ ಬಂದುಹೋದವು. ದಾರಿಯಲ್ಲಿ ಹಳೆಯ ಶಿಷ್ಯೆಯರು ಕೈ ಬೀಸಿದರು. ಚಿಕ್ಕಮ್ಮ ಒಬ್ಬೊಬ್ಬರ ತಪ್ಪನ್ನೂ ಹೇಳುತ್ತ ಹೋದಳು. "ಇವಳು ಗೇರು ಹಾಕುವಾಗ ಕಣ್ಣು ಮುಚ್ಚೋಳು. ಅವಳು ಹಾರ್ನ್ ಹೊಡೆದು ತಾನೇ ಬೆಚ್ಚೋಳು." ನಾನು ನಕ್ಕೆ, ಅವಳೂ ನಕ್ಕಳು. ಆದರೆ ಶೆಡ್ಡಿಗೆ ತಂದು ನಿಲ್ಲಿಸಿದ ಮೇಲೆ ಕೀಯನ್ನು ಮತ್ತೆ ನನ್ನ ಕೈಗೇ ಕೊಟ್ಟಳು.

ಬೆಳಿಗ್ಗೆ ಎದ್ದರೆ ಅವಳು ಆಗಲೇ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಕಾಲಿಟ್ಟಿರಲಿಲ್ಲ.

"ನೀನೇ ನೋಡು ಕಣೇ. ನನ್ನ ಕೈಲಾಗಲ್ಲ."

"ಊಹೂಂ. ನಾನು ನೋಡಿ ಹೇಳಿದ್ರೆ ಸಮಾಧಾನಕ್ಕೆ ಹೇಳ್ತಿದಾಳೆ ಅಂತೀಯ. ನೀನೇ ನೋಡು."

ಬಾನೆಟ್ ಎತ್ತಿದಳು. ಬಗ್ಗಿದಳು. ಡಬ್ಬಿಯ ಮೇಲೆ ಬೆರಳಿಟ್ಟಳು. ನಾನೂ ಪಕ್ಕದಲ್ಲಿ ಬಗ್ಗಿ ನೋಡಿದೆ. ನೀರು ಗೆರೆಯಲ್ಲೇ ಇತ್ತು, ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅವಳು ಬೆರಳು ತೆಗೆಯಲಿಲ್ಲ.

"ನಾನು ಹಾಕಿದ್ದೆ ಕಣೇ" ಅಂದಳು.

"ಹೂಂ ಚಿಕ್ಕಮ್ಮ. ಹಾಕಿದ್ದೆ."

"ದಿನಾ ಹಾಕಿದ್ದೆ."

"ದಿನಾ ಹಾಕಿದ್ದೆ."

ಕೈಯಿಂದ ಮುಖ ಒರೆಸಿಕೊಂಡಳು. ಕೈಗೆ ಮಸಿ ಹತ್ತಿತ್ತು, ಕೆನ್ನೆಗೂ ಬಳಿದುಕೊಂಡಿತು. ವೃದ್ಧಾಶ್ರಮದ ಕೋಣೆ ಬೇಡವೆಂದು ಫೋನ್ ಮಾಡುತ್ತೇನೆ ಅಂದಳು, ಕಾಫಿಗೆ ಇಡುತ್ತೇನೆ ಅಂದಳು, ಎರಡನ್ನೂ ಮಾಡದೆ ಎಂಜಿನ್ನನ್ನೇ ನೋಡುತ್ತ ನಿಂತಳು.

"ಅಕ್ಕನಿಗೂ ಹೀಗೇ ಎಲ್ಲಾದ್ರೂ ಒಂದು ತೂತು ಸಿಕ್ಕಿದ್ರೆ ಎಷ್ಟು ಚೆನ್ನಾಗಿತ್ತು, ಅಲ್ವೇನೇ? ನಾವಿಬ್ರೂ ಸೇರಿ ಮುಚ್ಚಿಬಿಡ್ತಿದ್ವಿ."

"ಮುಚ್ಚಿಬಿಡ್ತಿದ್ವಿ ಚಿಕ್ಕಮ್ಮ" ಅಂದೆ. ಆಮೇಲೆ ಇಬ್ಬರೂ ಅಲ್ಲೇ ನಿಂತು ಅತ್ತೆವು.