ನದಿಯನ್ನು ಓಡಿಸಿದವಳು

ನಮ್ಮೂರಿಗೆ ನದಿಯಿಲ್ಲ. ಹಿಂದೆ ಇತ್ತು. ಐನೂರು ವರ್ಷಗಳ ಕೆಳಗೆ ರೈನ್ ನದಿ ಹೆಲ್ಡರ್‌ವೀಕಿನ ಕೋಟೆಗೋಡೆಗೆ ಕೆನ್ನೆಯೊತ್ತಿಕೊಂಡೇ ಹರಿಯುತ್ತಿತ್ತಂತೆ. ಒಂದು ವರ್ಷ ಹಿಮ ಕರಗಿ ನೆರೆ ಬಂತು. ನೆರೆ ಇಳಿದ ಮೇಲೆ ನೋಡಿದರೆ ನದಿ ನಮ್ಮನ್ನು ಬಿಟ್ಟು ಎರಡು ಹರದಾರಿ ಆಚೆ, ಓಸ್ಟರ್‌ಮುಂಡ್ ಊರಿನ ಮಗ್ಗುಲಲ್ಲಿ ಮಲಗಿತ್ತು. ನಮ್ಮ ಪಾಲಿಗೆ ಉಳಿದದ್ದು ಜೊಂಡು ಬೆಳೆದ ಒಂದು ಕೊರಕಲು, ಅದರ ಕಪ್ಪೆಗಳು, ಮತ್ತೆ ದೋಣಿ ಕಟ್ಟಲೆಂದು ಗೋಡೆಗೆ ಹೊಡೆದಿದ್ದ ಕಬ್ಬಿಣದ ಬಳೆಗಳು. ಆ ಬಳೆಗಳಿಗೆ ಈಗ ಸೈಕಲ್ಲು ಕಟ್ಟುತ್ತೇವೆ.

ಗಂಡ ಪಕ್ಕದ ಬೀದಿಗೇ ಹೋಗಿ ಬೇರೆ ಸಂಸಾರ ಹೂಡಿದರೆ ಹೆಂಗಸು ಹೇಗಾಗುತ್ತಾಳೋ, ನಮ್ಮೂರು ಹಾಗಾಯಿತು. ಓಸ್ಟರ್‌ಮುಂಡಿನವರು ಇಗರ್ಜಿಗೆ ಗೋಪುರ ಎತ್ತಿದರೆ ನಾವು ಅದಕ್ಕಿಂತ ಮೂರು ಮೊಳ ಎತ್ತರ ಎತ್ತಿದೆವು. ಕಲ್ಲು ಸಾಲದೆ ತುದಿಗೆ ಇಟ್ಟಿಗೆ ಹಾಕಿದ್ದು ಇವತ್ತಿಗೂ ಕೆಂಪಗೆ ಕಾಣುತ್ತದೆ. ಅವರಿಗೆ ರೈಲು ಬಂದ ವರ್ಷ ನಾವು ಹಳಿಯೇ ಇಲ್ಲದ ಊರಿನಲ್ಲಿ ನಿಲ್ದಾಣದ ಗಡಿಯಾರ ನೆಟ್ಟೆವು. ಕಳೆದ ಯುದ್ಧದಲ್ಲಿ ಎರಡೂ ಊರುಗಳು ಒಂದೇ ವಾರದಲ್ಲಿ ಅರ್ಧಕ್ಕರ್ಧ ಬಾಂಬಿಗೆ ಪುಡಿಯಾದವು; ಯಾರದು ಹೆಚ್ಚು ಪುಡಿಯಾಯಿತು ಎಂಬ ವಾದ ನಾನು ಶಾಲೆಗೆ ಹೋಗುವಾಗಲೂ ಮುಗಿದಿರಲಿಲ್ಲ.

ಇಂಥ ಊರಿನಲ್ಲಿ ಹುಟ್ಟಿದವಳಿಗೆ ಹೊಟ್ಟೆಕಿಚ್ಚನ್ನು ಯಾರೂ ಬೇರೆಯಾಗಿ ಕಲಿಸಬೇಕಾಗಿಲ್ಲ.

ನದಿ ಹೋದ ಮೇಲೆ ನೀರಿಗೆಂದು ಬೀದಿಗೊಂದು ಬಾವಿ ತೋಡಿದರು. ಬಾವಿಗೆ ಆಮೇಲೆ ಕೈಪಂಪು ಬಂತು. ಒಂದು ಪಂಪಿನ ನೀರು ಕುಡಿದ ಮನೆಗಳೆಲ್ಲ ಒಂದು ಬಳಗವಾದವು. ನಮ್ಮ ಉಪ್ಪಿನ ಬೀದಿಯ ಪಂಪಿಗೆ ಹದಿನೇಳು ಮನೆ. ಈಗ ಮನೆಮನೆಗೂ ನಲ್ಲಿ ಇದೆ, ಪಂಪನ್ನು ಎಷ್ಟು ಜಗ್ಗಿದರೂ ಕೆಮ್ಮುತ್ತದೆಯೇ ಹೊರತು ನೀರು ಕೊಡುವುದಿಲ್ಲ. ಆದರೂ ಮಗು ಹುಟ್ಟಿದರೆ ಮೊದಲು ಪಂಪಿನವರಿಗೆ ಹೇಳಬೇಕು, ಯಾರಾದರೂ ಸತ್ತರೆ ಪಂಪಿನವರೇ ಹೆಗಲು ಕೊಡಬೇಕು. ಜೂನ್ ತಿಂಗಳಲ್ಲಿ ಸಂತ ಯೋಹಾನನ ದಿನ ಪಂಪಿಗೆ ಹೂವು ಸುತ್ತಿ, ಬೀದಿಯುದ್ದಕ್ಕೂ ಮೇಜು ಹಾಕಿ, ಪಂಪಿನ ಪುಸ್ತಕವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುತ್ತಾರೆ. ಆ ವರ್ಷ ಯಾರು ಹುಟ್ಟಿದರು, ಯಾರು ಹೋದರು, ಯಾರ ಮನೆಗೆ ಸೊಸೆ ಬಂದಳು ಎಂದು ಓದಿದ ಮೇಲೆ ಬೀದಿಯ ಒಂದು ಹಳೆಯ ಕಥೆ ಹೇಳಬೇಕು. ಹೇಳಿದ ಕಥೆಯನ್ನು ಪುಸ್ತಕದಲ್ಲಿ ಬರೆಯಬೇಕು. ಬರೆದದ್ದು ನಿಜ. ಅದರ ಮೇಲೆ ಮಾತಿಲ್ಲ.

ನಲವತ್ತೊಂದು ವರ್ಷ ಆ ಪುಸ್ತಕ ನಮ್ಮಜ್ಜಿಯ ಹತ್ತಿರ ಇತ್ತು. ಅಜ್ಜಿ ಬಟಾಣಿ ಸಾರು ಕಲಕುತ್ತಾ ಕಥೆ ಹೇಳುತ್ತಿದ್ದಳು. ಅವಳ ಸೌಟಿನ ಕತ್ತು ಎಡಕ್ಕೆ ಬಾಗಿತ್ತು, ಕಥೆಯಲ್ಲಿ ಭಯದ ಜಾಗ ಬಂದಾಗ ಅದು ಪಾತ್ರೆಯ ಅಂಚಿಗೆ ಟಣ್ಣೆಂದು ಬಡಿಯುತ್ತಿತ್ತು. ಮೇಜಿನ ಕೆಳಗೆ ಕೂತು ಕೇಳುತ್ತಿದ್ದವಳು ನಾನೊಬ್ಬಳೇ. ಅಣ್ಣ ಲುಡ್ಗರ್‌ಗೆ ಚೆಂಡು ಸಿಕ್ಕರೆ ಸಾಕಿತ್ತು. ನನಗೆ ಅಲೈಡಾ ಅಂತ ಹೆಸರಿಟ್ಟವಳೂ ಅಜ್ಜಿಯೇ. ಗೋರಿಕಲ್ಲಿನ ಮೇಲಿಂದ ಎತ್ತಿಕೊಂಡು ಬಂದ ಹೆಸರು ಎಂದು ಶಾಲೆಯಲ್ಲಿ ಹುಡುಗಿಯರು ನಗುತ್ತಿದ್ದರು. ನಗಲಿ ಬಿಡು, ಪಂಪಿನ ಪುಸ್ತಕ ಒಂದು ದಿನ ನನ್ನದಾಗುತ್ತದೆ ಅಂದುಕೊಂಡೇ ನಾನು ದೊಡ್ಡವಳಾದೆ.

ಹೋದ ಶರತ್ಕಾಲದಲ್ಲಿ ಲುಡ್ಗರ್ ಮದುವೆಯಾದ. ಹುಡುಗಿ ಎಲ್ಲಿಯವಳು? ಓಸ್ಟರ್‌ಮುಂಡಿನವಳು!

"ನದಿ ಸಾಲದು ಅಂತ ಈಗ ಹುಡುಗರನ್ನೂ ಎಳ್ಕೋತಿದಾರೆ," ಅಂದಳು ಎದುರುಮನೆಯ ಹಾನೆನ್ ಅಮ್ಮ. ಅವಳು ವಿಧವೆ, ಬಾಯಿ ಚೂರಿಯಷ್ಟು ಹರಿತ.

ಅತ್ತಿಗೆಯ ಹೆಸರು ಮರೈಕೆ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ನೆಮ್ಮದಿಯಿರುತ್ತಿತ್ತು. ಬಂದ ವಾರವೇ ಬೀದಿಯ ಹದಿನೇಳು ಮನೆಗೂ ತಾನೇ ಬೇಯಿಸಿದ ಪ್ಲಮ್ ಹಣ್ಣಿನ ಕೇಕು ಹಂಚಿದಳು. ಅಜ್ಜಿಗೆ ಕೇಳಿಸುವಷ್ಟೇ ಜೋರಾಗಿ, ಅಜ್ಜಿಗೆ ಬೇಸರವಾಗದಷ್ಟೇ ಮೆಲ್ಲಗೆ ಮಾತಾಡುತ್ತಿದ್ದಳು. ಬರೆದರೆ ಅಕ್ಷರ ಅಚ್ಚು ಹಾಕಿದ ಹಾಗೆ. ಒಂದು ಸಂಜೆ ಕೆಲಸ ಮುಗಿಸಿ ಬಂದಾಗ ಅಡುಗೆಮನೆಯಲ್ಲಿ ನನ್ನ ಕುರ್ಚಿಯ ಮೇಲೆ ಅವಳು ಕೂತಿದ್ದಳು. ಅಜ್ಜಿ ಹೇಳುತ್ತಿದ್ದಳು, ಸೌಟು ಟಣ್ಣೆಂದಿತು, ಮರೈಕೆ ಬೆಚ್ಚಿ ನಕ್ಕಳು. ಆ ಟಣ್ ನನ್ನದಾಗಿತ್ತು. ನಾನು ಕೋಟು ಬಿಚ್ಚದೆ ಹಾಗೇ ವಾಪಸು ಹೊರಗೆ ಹೋಗಿ, ಬತ್ತಿದ ಕೊರಕಲಿನ ದಂಡೆಯಲ್ಲಿ ಕತ್ತಲಾಗುವವರೆಗೆ ಕೂತಿದ್ದೆ.

ಈಸ್ಟರ್ ದಿನ ಎಲ್ಲರೂ ಕಾಫಿಗೆ ಕೂತಿದ್ದಾಗ ಅಜ್ಜಿ ನಡುಗುವ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು.

"ನನ್ ಕೈಲಿ ಇನ್ನು ಬರೆಯೋಕಾಗಲ್ಲ. ಈ ಸಲ ಪಂಪಿನ ಹತ್ರ ಕಥೆ ಮರೈಕೆ ಹೇಳ್ಲಿ. ಬೀದಿಯವರು ಒಪ್ಪಿದ್ರೆ ಪುಸ್ತಕಾನೂ ಅವಳೇ ಇಟ್ಕೊಳ್ಳಿ."

ಕೇಕಿನ ತುಂಡು ನನ್ನ ಬಾಯಿಯವರೆಗೆ ಬರಲಿಲ್ಲ. ಎಲ್ಲರೂ ಎದ್ದ ಮೇಲೆ ಅಜ್ಜಿಯನ್ನು ಅಡುಗೆಮನೆಯಲ್ಲಿ ಹಿಡಿದೆ.

"ಇಪ್ಪತ್ತು ವರ್ಷದಿಂದ ಕೇಳಿದೋಳು ನಾನು, ಅಜ್ಜಿ. ಅವಳು ಬಂದು ಇನ್ನೂ ಒಂದು ವರ್ಷ ತುಂಬಿಲ್ಲ!"

"ಕೇಳಿದ್ದೀಯ, ಇಲ್ಲ ಅಂದೋರ್ಯಾರು? ನಾಲ್ಕು ಜನದ ಮುಂದೆ ನಿಂತ್ರೆ ನಿನ್ ನಾಲಿಗೆ ಅಂಗುಳಕ್ಕೆ ಅಂಟ್ಕೊಳ್ಳುತ್ತಲ್ಲ ಮಗಾ. ಹೋದ ವರ್ಷ ಬರೀ ಹೆಸರು ಓದು ಅಂದಿದ್ದಕ್ಕೆ ನಮ್ಮ ಬೀದಿ ಟೆರ್‌ಹೋರ್ಸ್ಟ್ ಮುದುಕನ ಮೊಮ್ಮಗೂನ ಸತ್ತೋರ ಪಟ್ಟೀಲಿ ಓದ್ದೆ."

"ಪುಟ ತಾನಾಗೇ ತಿರುಗ್ತು!"

"ಮಗು ತೊಟ್ಟಿಲಲ್ಲಿ ಕೂಗ್ತಾ ಇತ್ತು. ಅದ್ನಾದ್ರೂ ಕೇಳಿಸ್ಕೋಬಾರದಿತ್ತಾ? ನೀನು ಕಥೆಯೊಳಗೆ ಹೋಗಿ ಚಿಲಕ ಹಾಕ್ಕೊಂಡುಬಿಡ್ತೀಯ. ಪುಸ್ತಕಕ್ಕೆ ಬಾಗಿಲಲ್ಲಿ ನಿಂತು ಕರೆಯೋರು ಬೇಕು."

 

ಹಬ್ಬಕ್ಕೆ ಎರಡು ವಾರ ಇದ್ದಾಗ ಮರೈಕೆ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದಳು. ಗಿರಾಕಿಗಳಿರಲಿಲ್ಲ. ನಾನು ಯಾರದೋ ಕನ್ನಡಕಕ್ಕೆ ಸಣ್ಣ ತಿರುಪು ಹಾಕುತ್ತಿದ್ದೆ.

"ಅಲೈಡಾ, ಒಂದು ಉಪಕಾರ ಮಾಡ್ತೀಯಾ? ಅಜ್ಜಿ ಹೇಳಿದ ಕಥೆಗಳೆಲ್ಲ ಬೀದಿಯೋರಿಗೆ ಬಾಯಿಪಾಠ. ನನಗೆ ಯಾರಿಗೂ ಗೊತ್ತಿಲ್ದೇ ಇರೋದು ಬೇಕು. ನದಿದು ಯಾವುದಾದ್ರೂ ಇದ್ಯಾ? ನಿನ್ನ ಬಿಟ್ರೆ ನನಗೆ ಯಾರು ಹೇಳ್ತಾರೆ?"

ಅವಳ ಕಣ್ಣಿನಲ್ಲಿ ಕಪಟವಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಮಾತ್ರ ಯಾವುದೋ ಹಳೆಯ ಒಲೆ ಧಗ್ಗೆಂದು ಹತ್ತಿಕೊಂಡಿತು.

ನಮ್ಮೂರಿನ ಎಳೆಮಕ್ಕಳಿಗೂ ಗೊತ್ತು: ನದಿ ತಾನಾಗಿ ಹೋಗಲಿಲ್ಲ, ಓಸ್ಟರ್‌ಮುಂಡಿನ ಕಳ್ಳರು ರಾತ್ರೋರಾತ್ರಿ ಕಾಲುವೆ ಕಡಿದು ಕದ್ದರು. ತಪ್ಪೆಲ್ಲ ಅವರದು, ನಾವು ಪಾಪದವರು. ಇದನ್ನು ತಿರುಗಿಸಿ, ತಪ್ಪು ನಮ್ಮ ಬೀದಿಯ ಹೆಂಗಸಿನದೇ ಎಂದು, ಅದೂ ಓಸ್ಟರ್‌ಮುಂಡಿನವಳ ಬಾಯಿಂದ, ಅದೂ ಪಂಪಿನ ಮುಂದೆ ಹೇಳಿಸಿದರೆ? ಹಾನೆನ್ ಅಮ್ಮ ಅವಳನ್ನು ಹಸಿಹಸಿಯಾಗಿ ತಿನ್ನುತ್ತಾಳೆ.

"ಇದೆ," ಅಂದೆ. "ಅಜ್ಜಿ ನನಗೊಬ್ಬಳಿಗೇ ಹೇಳಿದ್ದು. ನೀನು ಕೇಳಿದ್ದೆ ಅಂತ ಅವಳಿಗೆ ಹೇಳ್ಬೇಡ. ಅವತ್ತೇ ಕೇಳಿ ಖುಷಿಪಡ್ಲಿ."

ಆಮೇಲೆ ಕಥೆ ಕಟ್ಟಿದೆ. ಕಟ್ಟಿದೆ ಅನ್ನುವುದೂ ಸುಳ್ಳು. ಬಾಯಿ ತೆರೆದರೆ ಅದು ಬಂತು. ಉಪ್ಪಿನ ಬೀದಿಯಲ್ಲಿ ಒಬ್ಬ ಅಂಬಿಗನ ಹೆಂಡತಿ ಇದ್ದಳು. ದೋಣಿಯಲ್ಲಿ ಹೋದ ಗಂಡ ದಿನದಿನಕ್ಕೂ ತಡಮಾಡಿ ಬರುತ್ತಿದ್ದ, ಅವನ ಅಂಗಿಯಲ್ಲಿ ಬೇರೆ ಊರಿನ ಹೊಗೆಯ ವಾಸನೆ. ಅವಳು ಗಂಡನನ್ನು ಕೇಳಲಿಲ್ಲ. ನದಿಯನ್ನು ಕೇಳಿದಳು. "ದಿನಾ ಅವನನ್ನ ಬೆನ್ನ ಮೇಲೆ ಹೊತ್ಕೊಂಡು ಹೋಗಿ ಅವಳ ಬಾಗಿಲಿಗೆ ಬಿಡ್ತೀಯಲ್ಲ, ನಿನಗೆ ನಾಚಿಕೆ ಇಲ್ವಾ?" ನದಿ ಮಾತಾಡಲಿಲ್ಲ. ಅವಳು ಸಾರಿನ ಸೌಟು ತಗೊಂಡಳು. ಆ ಸೌಟಿನ ಕತ್ತು ಎಡಕ್ಕೆ ಬಾಗಿತ್ತು. ಅದರಿಂದಲೇ ದಂಡೆಯ ಮಣ್ಣು ತೋಡತೊಡಗಿದಳು. ಏಳು ವಾರ ತೋಡಿದಳು. ಒಲೆ ಆರಿತು, ಮಕ್ಕಳು ಪಕ್ಕದ ಮನೆಯಲ್ಲಿ ಉಂಡವು, ಅವಳು ತೋಡಿದಳು. ಎಂಟನೆಯ ವಾರ ನೆರೆ ಬಂದಾಗ ನದಿ ಅವಳು ತೋರಿಸಿದ ದಾರಿ ಹಿಡಿದು, ಹಿಂದಕ್ಕೂ ನೋಡದೆ ಹೊರಟುಹೋಯಿತು. ದೋಣಿಯೂ ಹೋಯಿತು, ಗಂಡನೂ ಹೋದ. ಅವಳು ಖಾಲಿ ದಂಡೆಯಲ್ಲಿ ಸೌಟು ಹಿಡಿದು ನಿಂತಿದ್ದಳು. ಮಕ್ಕಳು ನೀರು ಕೇಳಿದವು. ಆಗ ಅವಳು ಅದೇ ಸೌಟಿನಿಂದ ಬೀದಿಯ ನಡುವೆ ಬಾವಿ ತೋಡಲು ಕೂತಳು.

ಕಥೆ ಮುಗಿದಾಗ ಮರೈಕೆ ಕಣ್ಣೊರೆಸಿಕೊಂಡಳು. ನನ್ನ ಕೈಯ ತಿರುಪು ಎಲ್ಲೋ ನೆಲಕ್ಕೆ ಬಿದ್ದುಹೋಗಿತ್ತು.

ಸಂತ ಯೋಹಾನನ ದಿನ ಬಿಸಿಲು ಚೆನ್ನಾಗಿತ್ತು. ಪಂಪಿಗೆ ಬಿಳಿ ಗುಲಾಬಿ ಸುತ್ತಿದ್ದರು. ಆಲೂಗೆಡ್ಡೆಯ ರೊಟ್ಟಿ ಬಾಣಲೆಯಿಂದ ನೇರ ತಟ್ಟೆಗೆ ಬರುತ್ತಿತ್ತು, ಅದರ ಮೇಲೆ ಬೀಟ್ ಗೆಡ್ಡೆಯ ಕಪ್ಪು ಪಾಕ. ಈ ವರ್ಷದ ಪಂಪಿನ ಯಜಮಾನ ಟೆರ್‌ಹೋರ್ಸ್ಟ್ ಮುದುಕ. ಜೀವಮಾನವೆಲ್ಲ ಸೈಕಲ್ ರಿಪೇರಿ ಮಾಡಿದವನು, ಹಬ್ಬದ ದಿನವೂ ಉಗುರಿನಲ್ಲಿ ಗ್ರೀಸು. ಅಜ್ಜಿ ಮೇಜಿನ ತಲೆಯಲ್ಲಿ, ಪುಸ್ತಕದ ಪೆಟ್ಟಿಗೆ ಅವಳ ಮುಂದೆ.

ಮರೈಕೆ ಎದ್ದು ನಿಂತಳು. ಹುಟ್ಟಿದವರನ್ನು ಹುಟ್ಟಿದವರಲ್ಲೇ ಓದಿದಳು, ಸತ್ತವರನ್ನು ಸತ್ತವರಲ್ಲೇ. ಆಮೇಲೆ ನನ್ನ ಕಥೆಗೆ ಬಂದಳು.

ಹೇಗೆ ಹೇಳಿದಳು! ನನ್ನ ಬಾಯಲ್ಲಿ ಗಡಿಬಿಡಿಯಿಂದ ಉದುರಿದ್ದನ್ನು ಅವಳು ಒಂದೊಂದಾಗಿ ಎತ್ತಿ ಒರೆಸಿ ಇಟ್ಟಳು. "ನಿನಗೆ ನಾಚಿಕೆ ಇಲ್ವಾ?" ಎಂದು ನದಿಯನ್ನು ಕೇಳುವ ಜಾಗದಲ್ಲಿ ನಿಂತು, ಬತ್ತಿದ ಪಂಪಿನ ಕಡೆ ನೋಡಿದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಬಾಣಲೆಯ ಹತ್ತಿರ ಇದ್ದವರು ರೊಟ್ಟಿ ತಿರುಗಿಸುವುದನ್ನು ಬಿಟ್ಟು ಕೇಳುತ್ತಿದ್ದರು. ಸುಟ್ಟ ವಾಸನೆ ಬಂದರೂ ಯಾರೂ ಅಲ್ಲಾಡಲಿಲ್ಲ.

ಮುಗಿಯಿತು. ಹಾನೆನ್ ಅಮ್ಮನ ಹುಬ್ಬು ಮೇಲೇರಿತು. ಈಗ, ಅಂದುಕೊಂಡೆ, ಈಗ.

ಟೆರ್‌ಹೋರ್ಸ್ಟ್ ಬಿಯರಿನ ಲೋಟ ಹಿಡಿದು ನಿಧಾನಕ್ಕೆ ಎದ್ದ.

"ತಡಿಯಮ್ಮ. ಅಂದ್ರೆ ನದಿ ನಮ್ಮನ್ನ ಬಿಟ್ಟು ಹೋಗ್ಲಿಲ್ಲ?"

"ಇಲ್ಲ," ಅಂದಳು ಮರೈಕೆ.

"ನಿಮ್ಮೂರೋರು ಕದ್ದೂ ಇಲ್ಲ?"

"ಕಥೇಲಿ ಹಾಗಿಲ್ಲ, ಟೆರ್‌ಹೋರ್ಸ್ಟ್ ಅವರೇ."

"ನಾವೇ ಓಡಿಸಿದ್ದು!" ಮುದುಕನ ಮುಖ ಲಾಟೀನಿನ ಹಾಗೆ ಬೆಳಗಿತು. "ಕೇಳಿದ್ರೇನ್ರೋ? ನಮ್ಮ ಬೀದಿ ಹೆಂಗಸು, ಕೈಯಲ್ಲಿ ಸೌಟು, ರೈನ್ ನದೀನೇ ಮನೆಯಿಂದ ಆಚೆ ಹಾಕಿದ್ಲು! ಐನೂರು ವರ್ಷ ಬಿಟ್ಟುಹೋದೋರ ಥರ ತಲೆ ತಗ್ಗಿಸ್ಕೊಂಡು ಓಡಾಡಿದ್ವಲ್ಲಪ್ಪಾ! ಓಸ್ಟರ್‌ಮುಂಡಿನೋರ ಹತ್ರ ಇರೋದು ಏನು? ನಾವು ಬೇಡ ಅಂತ ಎಸೆದಿದ್ದು!"

ಯಾರೋ ಬೆರಳಗೆಣ್ಣಿನಿಂದ ಮೇಜು ಕುಟ್ಟಿದರು. ಆಮೇಲೆ ಇನ್ನೊಬ್ಬರು. ಆಮೇಲೆ ಇಡೀ ಬೀದಿ. ತಟ್ಟೆ ಲೋಟಗಳು ಕುಣಿದವು. ನಮ್ಮಲ್ಲಿ ಒಪ್ಪಿಗೆ ಅಂದರೆ ಇದೇ. ಅಣ್ಣ ಲುಡ್ಗರ್ ಎರಡೂ ಕೈಯಲ್ಲಿ ಕುಟ್ಟುತ್ತಿದ್ದ. ಮರೈಕೆಯ ಮುಖ ಕೆಂಪಾಯಿತು. ಮೇಜಿನ ಕೆಳಗೆ ನನ್ನ ಉಗುರು ನನ್ನ ಅಂಗೈಗೇ ಇಳಿಯಿತು. ಇದು ನನ್ನದು, ನನ್ನದು, ನನ್ನದು!

"ಶ್!" ಹಾನೆನ್ ಅಮ್ಮ ಕೈ ಎತ್ತಿದಳು. "ಕಥೆ ಸರಿ. ಅವಳ ಹೆಸರೇನು? ಹೆಸರಿಲ್ದೇ ಇರೋರನ್ನ ನಮ್ಮ ಪುಸ್ತಕಕ್ಕೆ ಹಾಕಲ್ಲ."

ಮರೈಕೆಗೆ ಗೊತ್ತಿರಲಿಲ್ಲ. ನಾನು ಹೆಸರು ಕೊಟ್ಟಿರಲಿಲ್ಲ. ಅವಳು ತಿರುಗಿ ನನ್ನನ್ನು ನೋಡಿದಳು. ಬೀದಿಯೆಲ್ಲ ಅವಳ ಕಣ್ಣಿನ ಹಿಂದೆಯೇ ನನ್ನ ಕಡೆ ತಿರುಗಿತು.

ಒಂದೇ ಮಾತು ಸಾಕಿತ್ತು. ಇದು ಸುಳ್ಳು, ಇಂಥ ಕಥೆಯೇ ಇಲ್ಲ ಅಂದಿದ್ದರೆ ಪುಸ್ತಕ ಅವಳ ಕೈಜಾರುತ್ತಿತ್ತು. ಆ ಮಾತು ಹಲ್ಲಿನವರೆಗೂ ಬಂದಿತ್ತು. ಆದರೆ ಅಂದರೆ ಅಂಬಿಗನ ಹೆಂಡತಿ ಅಲ್ಲಿಯೇ, ಆಲೂಗೆಡ್ಡೆ ರೊಟ್ಟಿಯ ಹೊಗೆಯಲ್ಲಿ, ಸೌಟು ಹಿಡಿದುಕೊಂಡೇ ಸಾಯುತ್ತಿದ್ದಳು. ಅವಳು ಹುಟ್ಟಿ ಇನ್ನೂ ಎರಡು ವಾರ. ಬದುಕಿರುವವಳನ್ನು ಮತ್ತೆ ಸತ್ತವರ ಪಟ್ಟಿಗೆ ಸೇರಿಸಲು ನನ್ನಿಂದಾಗಲಿಲ್ಲ.

ಎದ್ದು ನಿಂತೆ. ನಾಲಿಗೆ ಅಂಟಿಕೊಳ್ಳಲಿಲ್ಲ.

"ಅಲೈಡಾ," ಅಂದೆ. "ಅವಳ ಹೆಸರು ಅಲೈಡಾ."

"ಅದು ನಿನ್ನ ಹೆಸರಲ್ವೇನೇ?" ಹಾನೆನ್ ಅಮ್ಮನ ಕಣ್ಣು ಸಣ್ಣದಾಯಿತು.

ಉತ್ತರ ಕೊಟ್ಟವಳು ಅಜ್ಜಿ. "ಮತ್ತೆ? ಮಗೂಗೆ ಇಡೋ ಹೆಸರು ಆಕಾಶದಿಂದ ಬೀಳುತ್ತಾ? ಹಿಂದಿನೋರದ್ದೇ ತಾನೆ ಇಡೋದು."

ಹಾನೆನ್ ಅಮ್ಮ ಎರಡು ಸಲ ಮೇಜು ಕುಟ್ಟಿದಳು. ಅಲ್ಲಿಗೆ ತೀರ್ಮಾನವಾಯಿತು.

ನಾನು ಕೂತಾಗ ಅಜ್ಜಿ ಬಾಗಿ ನನ್ನ ಕಿವಿಯಲ್ಲಿ, "ಸೌಟಿನ ಕತ್ತು ಎಡಕ್ಕೆ ಬಾಗಿತ್ತಂತೆ," ಅಂದಳು. "ಬಾವಿ ತೋಡಿ ಆದ್ಮೇಲೆ ತೊಳೆದು ಇಟ್ಟಿದೀಯ ತಾನೆ? ನಾಳೆ ಸಾರಲ್ಲಿ ಮಣ್ಣು ಸಿಗಬಾರ್ದು."

ಅವಳು ನಗುತ್ತಿದ್ದಳೋ ಬೈಯುತ್ತಿದ್ದಳೋ ಗೊತ್ತಾಗಲಿಲ್ಲ. ನಡುಗುವ ಕೈಗಳಿಂದ ಪೆಟ್ಟಿಗೆಯನ್ನು ಮೇಜಿನ ಮೇಲೆ ಜರುಗಿಸಿದಳು. ಅದು ನನ್ನ ಮುಂದೆ ಹಾದು ಮರೈಕೆಯ ಮುಂದೆ ನಿಂತಿತು.

ಮರೈಕೆ ಪುಸ್ತಕ ಬಿಚ್ಚಿ, ಪೆನ್ನು ತೆಗೆದು, ಅಲ್ಲೇ ಬರೆಯಲು ಕೂತಳು. ನಾನು ಅವಳ ಹೆಗಲ ಹಿಂದೆ ನಿಂತು ನೋಡಿದೆ. ಉಪ್ಪಿನ ಬೀದಿಯಲ್ಲಿ ಅಂಬಿಗನ ಹೆಂಡತಿಯೊಬ್ಬಳಿದ್ದಳು, ಅವಳ ಹೆಸರು... ಇಲ್ಲಿ ಅವಳು ಒಂದು ಗಳಿಗೆ ನಿಂತು, ತಲೆಯೆತ್ತಿ ನನ್ನ ಮುಖ ನೋಡಿ, ಮತ್ತೆ ಬಾಗಿದಳು. ಹೆಸರಿನ ಮೊದಲ ಅಕ್ಷರಕ್ಕೆ ಒಂದು ಸಣ್ಣ ಬಳ್ಳಿ ಸುತ್ತಿದಳು.

ಇಪ್ಪತ್ತಾರು ವರ್ಷಗಳಲ್ಲಿ ನಾನು ಒಮ್ಮೆಯೂ ನನ್ನ ಹೆಸರನ್ನು ಅಷ್ಟು ಚೆಂದವಾಗಿ ಬರೆದಿರಲಿಲ್ಲ.